ಬೊಳ್ಳನ ಬಲಬದಿ

"ಹಗ್ಗ ಬಿಡಿ! ಅದು ನನ್ನ ಎತ್ತು!"

ಶೀಲಾವತಿಯ ಕೂಗಿಗೆ, ಕುಲ್ಕುಂದದ ದನದ ಸಂತೆ ಮುಗಿಸಿ ಹೊರಟಿದ್ದ ಜನ ದಾರಿಯಲ್ಲೇ ನಿಂತರು.

ದಾರಿಯ ನಡುವೆ ಅವಳ ಬಿಳಿ ಎತ್ತು ಮಲಗಿತ್ತು. ಅದನ್ನು ಕೊಂಡದ್ದು ಆ ಬೆಳಿಗ್ಗೆ. ಸಂತೆಯ ಬಯಲು ದಾಟುವವರೆಗೆ ಸುಮ್ಮನೆ ಬಂದದ್ದು, ಹೊಳೆಯ ದಾರಿ ಹಿಡಿಯುತ್ತಲೇ ಕಾಲು ಮಡಚಿ ಕೂತಿತ್ತು. ಅವಳು ನೀರು ತರಲು ಹೋಗಿ ಬರುವಷ್ಟರಲ್ಲಿ ಯಾರೋ ಒಬ್ಬ ಗಂಡಸು ಅದರ ಹಗ್ಗ ಹಿಡಿದು ಎಳೆಯುತ್ತಿದ್ದ. ಪಕ್ಕದಲ್ಲಿ ಒಂದು ಕಪ್ಪು ಎತ್ತು, ಬಿಳಿಯದರ ಬೆನ್ನಿಗೆ ಮೂತಿ ಒತ್ತಿಕೊಂಡು ನಿಂತಿತ್ತು.

"ನಿಮ್ಮ ಎತ್ತು ಯಾರಿಗೆ ಬೇಕು? ನನ್ನದು ಕೈ ತಪ್ಪಿಸಿ ಓಡಿ ಬಂದದ್ದು. ಇದು ಎದ್ದರೆ ಅದೂ ಹೊರಡ್ತದೆ ಅಂತ…"

ಅವನು ತಿರುಗಿದ. ಮಾತು ಅಲ್ಲೇ ನಿಂತಿತು.

ಅವಳ ಚೆಂಬಿನ ನೀರು ಅವಳ ಕಾಲಿನ ಮೇಲೇ ಚೆಲ್ಲಿತು.

ತೀರ್ಥರಾಮ!

ಮೀಸೆ ನರೆತಿತ್ತು. ಕೆನ್ನೆ ಒಳಗೆ ಹೋಗಿತ್ತು. ಆದರೆ ಅವಮಾನ ಮಾಡಿದವರ ಮುಖ ಮರೆಯಲು ಯಾರಿಗೆ ಸಾಧ್ಯ?

ಇಪ್ಪತ್ತು ವರ್ಷಗಳ ಹಿಂದೆ, ಇದೇ ಮನುಷ್ಯ ಅವಳನ್ನು ನೋಡಲು ಬಂದು ಅವಳ ಅಪ್ಪನ ಜಗಲಿಯಲ್ಲಿ ಕೂತಿದ್ದ. ಮುಂದೆ ಹರಿವಾಣದಲ್ಲಿ ವೀಳ್ಯ. ಗಂಡು ಅದರಿಂದ ಒಂದು ಎಲೆ ಎತ್ತಿಕೊಂಡರೆ ಒಪ್ಪಿಗೆ. ಬೇರೆ ಮಾತೇ ಬೇಡ. ಬಾಗಿಲ ಸಂದಿನಿಂದ ಅವಳು ನೋಡುತ್ತಿದ್ದಳು. ಅವನು ಕೈ ಚಾಚಿದ್ದನ್ನೂ ನೋಡಿದ್ದಳು. ಅಷ್ಟರಲ್ಲಿ ಓಣಿಯಿಂದ ಯಾರೋ ಅವನನ್ನು ಕರೆದರು. ಹೋದ. ತಿರುಗಿ ಬಂದವನು ಕೂರಲಿಲ್ಲ, ಹರಿವಾಣ ಮುಟ್ಟಲಿಲ್ಲ. "ನಾವು ಹೊರಡ್ತೇವೆ" ಎಂದ. ಹೊರಟೇಹೋದ.

ಕಾರಣ ಹೇಳದೆ ಗಂಡು ಬಿಟ್ಟುಹೋದ ಹುಡುಗಿಗೆ ಊರೇ ಕಾರಣ ಹುಡುಕಿ ಕೊಡುತ್ತದೆ. ಕಾಲು ಕುಂಟಂತೆ… ಮೈಯಲ್ಲಿ ಏನೋ ಉಂಟಂತೆ… ಅಪ್ಪ ಹೆದರಿ, ಕೇಳಿಕೊಂಡು ಬಂದ ಮೊದಲನೆಯವನಿಗೆ ಅವಸರದಲ್ಲಿ ಅವಳನ್ನು ಧಾರೆ ಎರೆದ. ಆ ಗಂಡ ಬದುಕಿದಷ್ಟು ಕಾಲವೂ ಕುಡಿದ. ಕುಡಿತದಲ್ಲೇ ಹೋದ.

"ನೀವಾ?" ಎಂದ ತೀರ್ಥರಾಮ.

"ಹಗ್ಗ ಬಿಡಿ" ಎಂದಳು ಶೀಲಾವತಿ, ಈ ಸಲ ಮೆಲ್ಲಗೆ. "ನೀವು ಮುಟ್ಟಿದ್ದು ಯಾವುದೂ ನನಗೆ ಬೇಡ."

ಅವನು ಹಗ್ಗ ಬಿಟ್ಟ.

ಅಷ್ಟರಲ್ಲಿ ಅವಳ ಮೈದುನ ಅಚ್ಚುತ ಬೀಡಿ ಸೇದುತ್ತಾ ಬಂದ. ಗಂಡನ ತಮ್ಮ. ಹೆಂಗಸೊಬ್ಬಳೇ ಸಂತೆಗೆ ಹೋಗುವ ಹಾಗಿಲ್ಲವೆಂದು ಜೊತೆಗೆ ಬಂದವನು. ನಿಜವಾಗಿ ಬಂದದ್ದು ಅವಳ ವ್ಯಾಪಾರ ಕೆಡುವುದನ್ನು ಕಣ್ಣಾರೆ ನೋಡಲು.

"ಎಂತ ಅತ್ತಿಗೆ, ಇಲ್ಲೇ ಮಲಗಿತಾ? ಕಬಕ ಮುಟ್ಟಿದ ಹಾಗೆಯೇ!" ಅವನಿಗೆ ನಗು ತಡೆಯಲಿಲ್ಲ. "ಗದ್ದೆ ನಿಮ್ಮ ಕೈಯಲ್ಲಿ ಆಗುದಿಲ್ಲಾಂತ ನಾನು ಬಾಯಿ ಬಿಟ್ಟು ಹೇಳಿದೆ. ಈಗ ಎತ್ತೇ ಹೇಳ್ತಾ ಉಂಟು."

ಕಬಕದ ಆಚೆ ಒಂದು ಗುಡ್ಡದ ಬುಡದಲ್ಲಿ ಅವಳ ಗದ್ದೆ ಇತ್ತು. ಗಂಡ ಗೇಣಿಗೆ ಹಿಡಿದು ಪಾಳು ಬಿಟ್ಟಿದ್ದ ಜಾಗ. ಅವನು ಸತ್ತ ಮೇಲೆ ಅವಳೇ ಮುಳ್ಳು ಕಡಿದು, ಮಣ್ಣು ಹೊತ್ತು, ಅಂಚಿಗೆ ಹುಣಿ ಕಟ್ಟಿ ಗದ್ದೆ ಮಾಡಿದ್ದಳು. ದುಃಖದ ಹೆಸರಿನಲ್ಲಿ ಅವಳು ಮಾಡಿದ್ದು ಅದೊಂದೇ. ಈಗ ಅವಳ ಜೋಡಿಯಲ್ಲಿ ಒಂದು ಎತ್ತು ಸತ್ತಿತ್ತು. ಬೇಸಿಗೆಯ ಕೊಳಕೆ ಬೆಳೆಗೆ ಹೊತ್ತಿಗೆ ಸರಿಯಾಗಿ ಉಳದಿದ್ದರೆ ಗೇಣಿ ಅಚ್ಚುತನಿಗೆ ಕೊಡುತ್ತೇನೆಂದು ಜಾಗದ ದಣಿಗಳು ಹೇಳಿ ಕಳಿಸಿದ್ದರು.

ಈ ಎತ್ತು ಊರು ಮುಟ್ಟಬೇಕು. ಇಲ್ಲದಿದ್ದರೆ ಗದ್ದೆ ಹೋಯಿತು. ಗದ್ದೆ ಹೋದರೆ ಅಚ್ಚುತನ ಮನೆಯ ಅಡಿಗೆಕೋಣೆಯ ಮೂಲೆ.

ಸಂತೆಯ ದಲಾಲಿ ಕಲಂದರ್ ಓಡಿ ಬಂದ. ಎರಡು ಎತ್ತುಗಳನ್ನೂ ನೋಡಿ ತಲೆಗೆ ಕೈ ಕೊಟ್ಟ.

"ತೋಬಾ ತೋಬಾ! ಇದು ಜೋಡಿ ಮಾರಾಯ್ರೆ! ಇದನ್ನು ತಂದ ಘಟ್ಟದವ ಆಚೆ ಬದಿಯಲ್ಲಿ ನಿಂತು ಈ ಗೌಡ್ರಿಗೆ ಕಪ್ಪಿನದ್ದು ಕೊಟ್ಟಿದ್ದಾನೆ. ಈಚೆ ಬದಿಯಲ್ಲಿ ನಾನು ನಿಮಗೆ ಬಿಳಿದು ಕೊಟ್ಟೆ. ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ಮಾಡುವ ವ್ಯಾಪಾರ, ಒಬ್ಬರದ್ದು ಒಬ್ಬರಿಗೆ ಹೇಗೆ ಗೊತ್ತಾಗುದು?"

"ನನ್ನ ಬೆರಳು ನೀನು ಹಿಡಿಯಲೇ ಇಲ್ಲವಲ್ಲ" ಎಂದಳು ಶೀಲಾವತಿ.

"ಹೆಂಗಸರ ಕೈ ನಾನು ಹಿಡಿಯುದಾ ಅಕ್ಕ? ನಿಮ್ಮ ಮೈದುನರ ಕೈ ಹಿಡಿದೆ. ಜೋಡಿ ಬೇಕಾ ಅಂತ ಕೇಳಿದೆ. ಒಂದೇ ಸಾಕು ಅಂದರು."

"ಘಟ್ಟದವ ಎಲ್ಲಿ?" ಎಂದ ತೀರ್ಥರಾಮ.

"ಅವ ಆಗಲೇ ಘಟ್ಟ ಹತ್ತಿದ. ಗೌಡ್ರು ನಿಂತಿಕಲ್ಲಿಗೆ, ಅಕ್ಕ ಕಬಕಕ್ಕೆ… ದಾರಿ ಒಂದೇ ಅಲ್ವಾ? ಒಟ್ಟಿಗೆ ಹೊಡೆದುಕೊಂಡು ಹೋಗಿ. ಘಟ್ಟದ ಮೇಲಿನವರೂ ಕೆಳಗಿನವರೂ ಈಗ ಒಂದೇ ರಾಜ್ಯ ಆಗಿಲ್ವಾ? ನೀವಿಬ್ಬರು ನಿಂತಿಕಲ್ಲಿನವರೆಗೆ ಒಟ್ಟು ನಡೆದರೆ ಎಂತ ಹೋಗ್ತದೆ?"

"ಇವರ ಜೊತೆಗಾ!"

ಇಬ್ಬರೂ ಒಟ್ಟಿಗೇ ಹೇಳಿದರು.

ಕಪ್ಪು ಎತ್ತು ಎರಡು ಹೆಜ್ಜೆ ಮುಂದೆ ಇಟ್ಟಿತು. ಬಿಳಿ ಎತ್ತು ಎದ್ದು ಅದರ ಎಡಬದಿಗೆ ಹೋಗಿ ನಿಂತಿತು.

*

ಅವರು ನಡೆದರು.

ನಡುವೆ ಎರಡು ಎತ್ತು. ಎಡಗಡೆ ಅವಳು, ಬಲಗಡೆ ಅವನು. ಹಿಂದೆ, ಚಪ್ಪಲಿ ಎಳೆಯುತ್ತಾ ಅಚ್ಚುತ. ಹೊಳೆಯಲ್ಲಿ ಮೊಣಕಾಲುದ್ದ ನೀರು. ಅವಳ ಸೆರಗು ಒದ್ದೆಯಾಯಿತು. ಅವನು ಮುಖ ಆಚೆ ತಿರುಗಿಸಿಕೊಂಡ. ಅದಕ್ಕೂ ಅವಳಿಗೆ ಸಿಟ್ಟು ಬಂತು.

ನೋಡಲಿಕ್ಕೂ ಆಗದವಳಾ ನಾನು?

ಹದಿಹರೆಯದ ಹುಡುಗಿಯಂತೆ ಯೋಚಿಸುತ್ತಿದ್ದೇನಲ್ಲಾ ಎಂದು ತನ್ನ ಮೇಲೂ ಸಿಟ್ಟು ಬಂತು.

"ಬೊಳ್ಳ, ಬೇಗ ನಡಿ" ಎಂದಳು ಬಿಳಿ ಎತ್ತಿಗೆ. ಹೆಸರು ಆ ಕ್ಷಣಕ್ಕೆ ಹೊಳೆದದ್ದು. "ಕೆಲವರಿಗೆ ಹೇಳದೆ ಕೇಳದೆ ಎದ್ದು ಹೋಗುವ ಅಭ್ಯಾಸ ಉಂಟು. ಅವರು ಎದ್ದು ಹೋಗುವ ಮೊದಲು ನಾವು ಊರು ಮುಟ್ಟಬೇಕು."

ಆಚೆ ಬದಿಯಿಂದ ತೀರ್ಥರಾಮ ಕಪ್ಪು ಎತ್ತಿನ ಕಿವಿಗೆ ಹೇಳಿದ:

"ಕಾಳ, ಕಿವಿ ಮುಚ್ಚಿಕೋ. ಬಲ್ಪದವರೆಗೂ ಬೈಗುಳವೇ."

"ಪಂಜದವರೆಗೂ ಉಂಟು" ಎಂದಳು.

"ಉಂಟಾ? ಆಗಬಹುದು."

ಅವನು ಜಗಳವಾಡಲಿ ಎಂದು ಅವಳು ಕಾದಳು. ಅವನು ಆಡಲಿಲ್ಲ. ಜಗಳವಾಡದ ಮನುಷ್ಯನ ಮೇಲೆ ಇಪ್ಪತ್ತು ವರ್ಷದ ಕೋಪವನ್ನು ಹೊರಿಸುವುದು ಹೇಗೆ? ಅವಳು ಎತ್ತಿನ ಬಾಲಕ್ಕೆ ಹೊಡೆದಳು. ಬಿಸಿಲು ಏರಿತು. ಇಳಿಯಿತು. ಬಲ್ಪ ದಾಟಿದರು.

ಒಮ್ಮೆ ಮಾತ್ರ ಅವನು ಕಾಳನನ್ನು ಕಟ್ಟೆಯ ಮರಕ್ಕೆ ಕಟ್ಟಿ ಅಂಗಡಿಗೆ ಹೋದ. ಆಗ ಅವಳು ಬೇಕೆಂದೇ ಬೊಳ್ಳನನ್ನು ಮುಂದೆ ಹೊಡೆದಳು. ಬೊಳ್ಳ ಒಂದಿಷ್ಟು ದೂರ ನಡೆಯಿತು. ಆದರೆ ದಾರಿಯ ನಡುವೆ ಅಲ್ಲ, ಪೂರ್ತಿ ಎಡಕ್ಕೆ, ಬಲಬದಿಯಲ್ಲಿ ಸರಿಯಾಗಿ ಒಂದು ಎತ್ತಿನ ಜಾಗ ಬಿಟ್ಟು. ಮತ್ತೆ ನಿಂತಿತು. ಖಾಲಿ ಜಾಗದ ಕಡೆ ಕುತ್ತಿಗೆ ತಿರುಗಿಸಿ ಮೂಸಿತು.

ಶೀಲಾವತಿ ಅದರ ಕುತ್ತಿಗೆ ಸವರಿದಳು. ಪ್ರಾಣಿಗೆ ಇಷ್ಟು ಗೊತ್ತಿರಬಾರದು…

ಅಂಗಡಿಯಿಂದ ಬಂದ ತೀರ್ಥರಾಮ ಎರಡು ಬಾಳೆಹಣ್ಣು ಅವಳ ಕಡೆ ಚಾಚಿದ.

"ಬೇಡ."

"ಬೊಳ್ಳನಿಗೆ ತಂದದ್ದು."

ಅವಳು ತೆಗೆದುಕೊಂಡು ಎರಡನ್ನೂ ಬೊಳ್ಳನಿಗೇ ಕೊಟ್ಟಳು. ಸಿಪ್ಪೆ ಸಮೇತ. ಹೊಟ್ಟೆ ಹಸಿದಿತ್ತು.

*

ಪಂಜ ಮುಟ್ಟುವಾಗ ಅಚ್ಚುತನ ಕಾಲು ಬಾತಿತ್ತು. ಅವನು ಪೇಟೆಯಲ್ಲಿ ಗುರುತಿನವರ ಮನೆಯಲ್ಲಿ ಉಳಿದು ಬೆಳಿಗ್ಗೆ ಬಸ್ಸಿಗೆ ಪುತ್ತೂರಿಗೆ ಹೋಗುತ್ತೇನೆಂದ.

"ನೀವು ಎತ್ತು ಹೊಡೆದುಕೊಂಡು ಬನ್ನಿ ಅತ್ತಿಗೆ. ಒಳ್ಳೆಯ ಜೊತೆಯೇ ಸಿಕ್ಕಿದೆ."

"ನಾಲಗೆ ಹಿಡಿದುಕೋ ಅಚ್ಚುತ."

"ನಾನು ತಪ್ಪು ಹೇಳಿದ್ದಾ? ಬೇಕಾದರೆ ಕೂಡಾವಳಿ ಮಾಡಿಕೊಳ್ಳಿ. ನಮ್ಮ ಜಾತಿಯಲ್ಲಿ ಗಂಡ ಸತ್ತವಳಿಗೆ ಮತ್ತೊಂದು ಮದುವೆ ಇಲ್ಲಾಂತ ಇಲ್ಲ." ಅವನು ನಕ್ಕ. "ಕಟ್ಟಲೆ ಗೊತ್ತುಂಟಲ್ಲ? ಹೋಗುವವಳು ಬರಿಗೈಯಲ್ಲಿ ಹೋಗುದು. ಗದ್ದೆ ಇಲ್ಲೇ ಇರ್ತದೆ. ನಾನು ನೋಡಿಕೊಳ್ತೇನೆ."

ತೀರ್ಥರಾಮ ಕೇಳಿಸಿಕೊಂಡೂ ಕೇಳದವನಂತೆ ಎತ್ತುಗಳ ಹಗ್ಗ ಸರಿಮಾಡಿದ.

ಅವನ ಚಿಕ್ಕಮ್ಮ ಕಮಲಾವತಿಯ ಮನೆ ಅಲ್ಲೇ ಹತ್ತಿರ. ಶೀಲಾವತಿಗೆ ಬೇರೆ ದಾರಿ ಇರಲಿಲ್ಲ. ಅವಳು ಒಳಗೆ ಮುದುಕಿಯ ಪಕ್ಕದಲ್ಲಿ ಮಲಗಿದಳು. ಅವನು ಹಟ್ಟಿಯಲ್ಲಿ, ಎತ್ತುಗಳ ಹತ್ತಿರ.

ಬೆಳಿಗ್ಗೆ ಗಂಜಿ ಬಡಿಸುತ್ತಾ ಮುದುಕಿ ಕೇಳಿದಳು, "ನಿನ್ನ ತವರು ಎಲ್ಲಿ ಮಗಾ?"

ಶೀಲಾವತಿ ಊರಿನ ಹೆಸರು ಹೇಳಿದಳು. ಅಪ್ಪನ ಹೆಸರೂ ಹೇಳಿದಳು.

ಮುದುಕಿಯ ಸೌಟು ನಿಂತಿತು.

"ಅವರ ಮಗಳಾ ನೀನು? ತೀರ್ಥರಾಮ ನೋಡಲಿಕ್ಕೆ ಬಂದ ಹುಡುಗಿ?"

"ನೋಡಿ ಬಿಟ್ಟು ಹೋದ ಹುಡುಗಿ" ಎಂದಳು ಶೀಲಾವತಿ. "ಹೌದು. ನಾನೇ."

"ಬಿಟ್ಟು ಹೋದದ್ದಾ! ಯಾರು ಹೇಳಿದ್ದು?" ಮುದುಕಿ ಗೋಡೆಗೆ ಒರಗಿ ಕೂತಳು. "ಆ ದಿನವೇ ನನ್ನ ಗಂಡ ತೀರಿಹೋದದ್ದು ಮಗಾ. ಇವ ಅಲ್ಲಿ ಕೂತಿರುವಾಗ ಆಳು ಓಡಿ ಹೋಗಿ ಓಣಿಯಲ್ಲಿ ಹೇಳಿದ. ನಮಗೆ ಮಕ್ಕಳಿಲ್ಲ, ಬೆಂಕಿ ಇಡಬೇಕಾದವ ಇವನೇ. ಸೂತಕದ ಕೈಯಲ್ಲಿ ವೀಳ್ಯ ಮುಟ್ಟುದು ಹೇಗೆ?"

ಶೀಲಾವತಿಯ ಕೈ ಗಂಜಿಯಲ್ಲೇ ನಿಂತಿತು.

"ಹೇಳಬಹುದಿತ್ತಲ್ಲ… ಒಂದು ಮಾತು."

"ನಾನೂ ಅದನ್ನೇ ಕೇಳಿದೆ. 'ಚಿಕ್ಕಮ್ಮ, ಆ ಜಗಲಿಯಲ್ಲಿ ನಿಂತು ಸಾವಿನ ಸುದ್ದಿ ಹೇಳಿದರೆ, ಈ ಹುಡುಗಿಯನ್ನು ನೋಡಲಿಕ್ಕೆ ಹೋದ ಗಳಿಗೆಯಲ್ಲಿ ಹೆಣ ಬಿತ್ತು ಅಂತಾರೆ. ಜನ್ಮ ಇಡೀ ಅವಳ ಕಾಲ್ಗುಣಕ್ಕೆ ಕಟ್ಟುತ್ತಾರೆ. ಸೂತಕ ಕಳೆದು ನಾನೇ ಹೋಗ್ತೇನೆ' ಅಂದ. ಹೋದ ಸಹ. ಆಗ ನಿಮ್ಮ ಅಂಗಳದಲ್ಲಿ ಚಪ್ಪರ ಹಾಕ್ತಾ ಇದ್ದರಂತೆ."

ಹೊರಗೆ ತೀರ್ಥರಾಮ ಎತ್ತುಗಳಿಗೆ ನೀರು ತೋರಿಸುತ್ತಿದ್ದ ಸದ್ದು.

ಅವಳಿಗೆ ಅಳು ಬರಬೇಕಿತ್ತು. ಬರಲಿಲ್ಲ. ಅಳು ಹುಟ್ಟುವ ಜಾಗದಲ್ಲಿ ಬಹಳ ವರ್ಷಗಳಿಂದ ಏನೂ ಬೆಳೆದಿರಲಿಲ್ಲ. ಬಂದದ್ದು ಕೋಪ, ನಿನ್ನೆಯದಕ್ಕಿಂತ ದೊಡ್ಡದು.

*

ಪಂಜದ ಮನೆಗಳು ಮರೆಯಾಗುವವರೆಗೆ ಅವಳು ತಡೆದುಕೊಂಡಳು. ಆಮೇಲೆ ದಾರಿಯ ನಡುವೆಯೇ ನಿಂತಳು.

"ನಿಮ್ಮನ್ನು ಯಾರು ಕೇಳಿದ್ದು?"

ಅವನೂ ನಿಂತ. ಎತ್ತುಗಳೂ ನಿಂತವು.

"ಎಂತದ್ದು?"

"ನನ್ನನ್ನು ಕಾಪಾಡಲಿಕ್ಕೆ! ಕಾಲ್ಗುಣದವಳು ಅನ್ನಿಸಿಕೊಳ್ಳಬಾರದು ಅಂತ ನೀವು ಬಾಯಿ ಮುಚ್ಚಿದಿರಿ. ಸರಿ. ಮತ್ತೆ ನಾನು ಏನೇನು ಅನ್ನಿಸಿಕೊಂಡೆ, ಗೊತ್ತುಂಟಾ ನಿಮಗೆ? ಕುಂಟಿ. ರೋಗದವಳು. ಅದು ಸಾಲದೂಂತ ಕುಡುಕನ ಹೆಂಡತಿ. ಅದಕ್ಕಿಂತ ಕಾಲ್ಗುಣ ಕೆಟ್ಟವಳು ಅನ್ನಿಸಿಕೊಳ್ತಿದ್ದೆ ನಾನು! ಅದು ಬೇಕಾ ಇದು ಬೇಕಾ ಅಂತ ನನ್ನ ಹತ್ತಿರ ಕೇಳಬೇಕಿತ್ತು. ನನ್ನ ಬದುಕು ಅಲ್ವಾ ಅದು?"

ಅವನು ಕಾಳನ ಹಗ್ಗ ಕೈಗೆ ಸುತ್ತಿಕೊಂಡ.

"ಹೌದು" ಎಂದ. "ಕೇಳಬೇಕಿತ್ತು."

ಅಷ್ಟೇ. ಸಮಜಾಯಿಷಿ ಇಲ್ಲ. ತಾನೂ ನೊಂದೆ ಎಂಬ ಮಾತಿಲ್ಲ. ಅವಳ ಕೋಪಕ್ಕೆ ಆತುಕೊಳ್ಳಲು ಗೋಡೆಯೇ ಇಲ್ಲದಂತಾಯಿತು.

"ಎರಡನೇ ಸಲ ಬಂದಾಗಲಾದರೂ ಒಳಗೆ ಬರಬಹುದಿತ್ತು."

"ಚಪ್ಪರಕ್ಕೆ ಸೊಪ್ಪು ಕಟ್ಟುತ್ತಾ ಇದ್ದರು. ಯಾರ ಮದುವೆ ಅಂತ ತೋಡಿನ ಹತ್ತಿರ ಒಬ್ಬನಲ್ಲಿ ಕೇಳಿದೆ. ಅಲ್ಲಿಂದಲೇ ತಿರುಗಿದೆ."

"ತಿರುಗುದು ಒಂದು ಬರ್ತದೆ ನಿಮಗೆ!"

"ಹ್ಞೂಂ."

ಅವಳು ಎತ್ತುಗಳನ್ನು ಹೊಡೆದಳು.

ಒಂದು ಗುಡ್ಡ ಹತ್ತಿ ಇಳಿದ ಮೇಲೆ, ಮುಖ ತಿರುಗಿಸದೆ ಕೇಳಿದಳು, "ಹೆಂಡತಿ ಇದ್ದಾಳಾ?"

"ಹೆರಿಗೆಯಲ್ಲಿ ಹೋದಳು. ಮಗುವೂ."

ಗಾಡಿಯೊಂದು ಎದುರಿನಿಂದ ಬಂತು. ಅವರು ಬದಿಗೆ ಸರಿದು ನಿಂತರು. ಗಾಡಿ ಹೋಯಿತು.

"ನನ್ನವರು ಕುಡಿದು ಹೋದದ್ದು" ಎಂದಳು.

"ಕೇಳಿದ್ದೆ."

"ಕೇಳಿ ಖುಷಿಯಾಯಿತಾ?"

ಅವನು ಸುಳ್ಳು ಹೇಳಬಹುದಿತ್ತು.

"ಒಂದು ಗಳಿಗೆ ಆಯಿತು. ಮತ್ತೆ ನಾಚಿಕೆ ಆಯಿತು."

ಶೀಲಾವತಿ ಮೊದಲ ಬಾರಿಗೆ ಬೊಳ್ಳನ ಬೆನ್ನಿನ ಮೇಲಿಂದ ಅವನ ಮುಖ ನೋಡಿದಳು. ಅಲ್ಲಿ ಅವಳು ದ್ವೇಷಿಸಿದ ಹುಡುಗ ಇರಲಿಲ್ಲ. ಅವಳಷ್ಟೇ ದಣಿದ, ಅವಳಷ್ಟೇ ಒಬ್ಬಂಟಿಯಾದ ಒಬ್ಬ ಮನುಷ್ಯ ಇದ್ದ.

ಇದು ಬೇಡ, ಎಂದು ತನಗೆ ತಾನೇ ಹೇಳಿಕೊಂಡಳು. ಕೋಪವೇ ಇರಲಿ. ಕೋಪ ಅಭ್ಯಾಸವಾಗಿದೆ.

*

ನಿಂತಿಕಲ್ಲಿನಲ್ಲಿ ಅವನ ಮನೆಗೆ ಹೋಗುವ ಕಾಲುದಾರಿ ಬಂತು. ಅವನು ಕಾಳನ ಹಗ್ಗವನ್ನು ಅವಳ ಮುಂದೆ ಹಿಡಿದ.

"ಕರಕೊಂಡು ಹೋಗಿ. ಕೊಳಕೆ ಮುಗಿದ ಮೇಲೆ ನೋಡುವಾ."

"ನಿಮ್ಮ ದಾನ ನನಗೆ ಬೇಡ."

"ದಾನ ಯಾರು ಕೊಟ್ಟರು? ಇದು ನಿಮ್ಮದನ್ನು ಬಿಟ್ಟು ಬರುದಿಲ್ಲ. ನಾನು ಹೊತ್ತುಕೊಂಡು ಹೋಗುದಾ?"

ಅವಳಿಗೆ ನಗು ಬಂತು. ಬಂದದ್ದೇ ತಡ, ತುಟಿ ಕಚ್ಚಿಕೊಂಡಳು.

"ನಿಮ್ಮ ಎತ್ತು. ನೀವೇ ಹೊಡೆದುಕೊಂಡು ಬನ್ನಿ" ಎಂದು ಹೇಳಿ ನಡೆದೇಬಿಟ್ಟಳು.

ಅವನು ಬಂದ.

ಆ ಸಂಜೆ ಸವಣೂರಿನಲ್ಲಿ ಅವಳ ಸೋದರತ್ತೆಯ ಮನೆ ಕಾಣುವಷ್ಟು ಹತ್ತಿರ ಬಂದಾಗ ಅವನು ಕೇಳಿದ. ಅವನಿಗೆ ಸುತ್ತಿ ಬಳಸಿ ಮಾತಾಡಲು ಬರುತ್ತಿರಲಿಲ್ಲ.

"ನನ್ನ ಮನೆಗೆ ಬರ್ತೀರಾ? ಈ ಸಲ ಮೊದಲೇ ಕೇಳ್ತಾ ಇದ್ದೇನೆ."

ಅವಳು ಬೊಳ್ಳನನ್ನು ನಿಲ್ಲಿಸಿದಳು. ಇಪ್ಪತ್ತು ವರ್ಷ ತಡವಾಗಿ ಬಂದ ಮಾತು! ಹೌದು ಎಂದರೆ… ಒಂದು ಮನೆ, ಒಂದು ಜೀವ, ಸಂಜೆ ಮಾತಿಗೆ ಒಬ್ಬರು…

ಆದರೆ ಕಣ್ಣಿಗೆ ಕಂಡದ್ದು ಗದ್ದೆ. ತಲೆಯ ಮೇಲೆ ಹೊತ್ತ ಒಂದೊಂದು ಬುಟ್ಟಿ ಮಣ್ಣು.

"ಗದ್ದೆ ಅಚ್ಚುತನಿಗೆ ಹೋಗ್ತದೆ."

"ನನಗೆ ಗದ್ದೆ ಉಂಟು. ನಿಮಗೆ ಯಾವುದಕ್ಕೂ ಕಡಿಮೆ ಆಗದ ಹಾಗೆ…"

"ಅದು ನಿಮ್ಮದು!" ಅವಳ ಸ್ವರ ಏರಿತು. "ನನ್ನದು ಅಂತ ಈ ಲೋಕದಲ್ಲಿ ಅದೊಂದೇ ಇರುದು. ಅದನ್ನು ಆ ಅಚ್ಚುತನ ಬಾಯಿಗೆ ಹಾಕಿ ನಾನು ನಿಮ್ಮ ಮನೆಯಲ್ಲಿ ಉಣ್ಣಲಿಕ್ಕೆ ಬರುದಾ? ನೀವೇ ಬನ್ನಿ ನನ್ನ ಮನೆಗೆ. ಬರ್ತೀರಾ?"

ಅವನು ಬೆಚ್ಚಿದ. "ಗಂಡಸು ಹೋಗಿ ಹೆಂಡತಿಯ ಗದ್ದೆಯಲ್ಲಿ ಕೂರುದಾ? ಜನ ಎಂತ ಹೇಳಿಯಾರು?"

"ಹ್ಞಾ! ಈಗ ಬಂತು ನೋಡಿ ನಿಜ. ನನಗೆ ಜನ ಹೇಳಿದ್ದನ್ನೆಲ್ಲ ನಾನು ಇಷ್ಟು ವರ್ಷ ಉಂಡೆ. ನಿಮಗೆ ಒಂದು ತುತ್ತು ಇಳಿಯುದಿಲ್ಲ!"

ಅವಳು ಬೊಳ್ಳನನ್ನು ಅತ್ತೆಯ ಅಂಗಳಕ್ಕೆ ಹೊಡೆದಳು. ಮರುದಿನ ಪುತ್ತೂರು ದಾಟುವವರೆಗೂ ಇಬ್ಬರೂ ಒಂದು ಮಾತು ಆಡಲಿಲ್ಲ. ಎತ್ತುಗಳು ಮಾತ್ರ ಒಂದೇ ಹೆಜ್ಜೆಯಲ್ಲಿ ನಡೆದವು.

*

ಅವಳ ಅಂಗಳದಲ್ಲಿ ಅಚ್ಚುತ ಕಾಯುತ್ತಿದ್ದ. ಒಬ್ಬನೇ ಅಲ್ಲ. ಊರುಗೌಡರನ್ನೇ ಕರೆದುಕೊಂಡು ಬಂದಿದ್ದ. ನೆರೆಯವರು ಹುಣಿಯ ಮೇಲೆ ಸಾಲಾಗಿ ನಿಂತಿದ್ದರು.

"ಬಂದರು ನೋಡಿ ಗೌಡ್ರೇ. ನಾನು ಹೇಳಿದ್ದು ಸುಳ್ಳಾ? ಹಗಲು ರಾತ್ರಿ ಒಟ್ಟಿಗೆ ನಡೆದು ಬಂದದ್ದು."

ಊರುಗೌಡರು ಬಿಳಿ ತಲೆಯ ಹಿರಿಯರು. ಬಾಯಿಯ ಎಲೆಯಡಿಕೆ ಉಗುಳಿ ಬಂದು ಕೇಳಿದರು. ಊರಿನ ಕಟ್ಟಲೆ ಕೇಳಬೇಕಾದವರು ಅವರೇ.

"ಶೀಲ, ಕೂಡಾವಳಿಯ ಮಾತುಂಟಾ? ಇದ್ದರೆ ಹೇಳಿಬಿಡು. ಗದ್ದೆ ಬಿಟ್ಟು ಮರ್ಯಾದೆಯಲ್ಲಿ ಹೋಗಬಹುದು. ಯಾರೂ ತಡೆಯುದಿಲ್ಲ."

"ನಾನು ಎಲ್ಲಿಗೂ ಹೋಗುದಿಲ್ಲ" ಎಂದಳು ಶೀಲಾವತಿ. "ಎತ್ತು ತಂದಿದ್ದೇನೆ. ನಾಳೆ ಉಳ್ತೇನೆ."

"ತಂದದ್ದು ಒಂದನ್ನು!" ಅಚ್ಚುತ ಚಪ್ಪಾಳೆ ತಟ್ಟಿದ. "ಕಪ್ಪಿನದ್ದು ಇವರದ್ದು. ಅದು ಹೊರಟ ಕೂಡಲೇ ಬಿಳಿದು ಮಲಗ್ತದೆ. ಕುಲ್ಕುಂದದಲ್ಲಿ ನಾನೇ ನೋಡಿದ್ದೇನಲ್ಲ! ಹೇಳಿ ಮಾರಾಯ್ರೆ, ನಿಮ್ಮ ಎತ್ತು ಯಾವಾಗ ಕೊಂಡುಹೋಗುದು?"

ಎಲ್ಲರೂ ತೀರ್ಥರಾಮನನ್ನು ನೋಡಿದರು.

ಶೀಲಾವತಿ ಮಾತ್ರ ನೋಡಲಿಲ್ಲ. ಅವಳಿಗೆ ಗೊತ್ತಿತ್ತು. ಈಗ ಅವನು "ನಾನು ಹೊರಡ್ತೇನೆ" ಎನ್ನುತ್ತಾನೆ. ತಿರುಗುತ್ತಾನೆ. ಅವನಿಗೆ ಬರುವುದು ಅದೊಂದೇ.

ಅವನು ತಿರುಗಿದ, ಹಟ್ಟಿಯ ಕಡೆಗೆ.

ಮಾಡಿನ ಅಡಿಯಲ್ಲಿ ಸಿಕ್ಕಿಸಿದ್ದ ನೊಗ ಇಳಿಸಿದ. ನೇಗಿಲು ಹೆಗಲಿಗೇರಿಸಿದ. ಅಂಗಿ ಕಳಚಿ ಬೇಲಿಯ ಮೇಲೆ ಹಾಕಿದ. ಒಂದೂ ಮಾತಿಲ್ಲದೆ ಎತ್ತುಗಳನ್ನು ಗದ್ದೆಗೆ ಇಳಿಸಿ, ಬೊಳ್ಳನನ್ನು ಎಡಕ್ಕೆ, ಕಾಳನನ್ನು ಬಲಕ್ಕೆ ಕಟ್ಟಿದ. ಕೆಸರಿನಲ್ಲಿ ಮೊದಲ ಗೆರೆ ಎದ್ದಿತು.

"ಓಯ್!" ಊರುಗೌಡರು ಹುಣಿಗೆ ಬಂದರು. "ನೀವು ಯಾರು ಇಲ್ಲಿ ಉಳಲಿಕ್ಕೆ?"

"ಆಳು" ಎಂದ ತೀರ್ಥರಾಮ.

"ಯಾರ ಆಳು?"

"ಇವರದ್ದು."

ಹುಣಿಯ ಮೇಲೆ ಯಾರೋ ಉಸಿರೆಳೆದರು. ನಿಂತಿಕಲ್ಲಿನಲ್ಲಿ ಸ್ವಂತ ಗದ್ದೆ ಇರುವ ಗೌಡ, ನೂರು ಕಣ್ಣಿನ ಮುಂದೆ, ಒಬ್ಬ ವಿಧವೆಯ ಆಳು ಅಂತ ಹೇಳಿಕೊಳ್ಳುವುದೆಂದರೆ!

"ಗಂಡಸು ಅಂತ ಹೇಳ್ಲಿಕ್ಕೆ ನಾಚಿಕೆ ಆಗುದಿಲ್ವಾ ನಿಮಗೆ?" ಎಂದು ಕಿರುಚಿದ ಅಚ್ಚುತ.

"ಆಗ್ತದೆ" ಎಂದ ತೀರ್ಥರಾಮ, ಎತ್ತು ತಿರುಗಿಸುತ್ತಾ. "ಗದ್ದೆ ಮುಗಿಯುವಾಗ ಸ್ವಲ್ಪ ಕಡಿಮೆ ಆದೀತು."

ಯಾರೋ ನಕ್ಕರು. ಆ ನಗು ಅಚ್ಚುತನಿಗೆ ತಾಗಿತು.

ಶೀಲಾವತಿ ಅಂಗಳದಲ್ಲಿ ನಿಂತೇ ಇದ್ದಳು. ಎದೆಯೊಳಗೆ ಏನೋ ಸಡಿಲವಾಗುತ್ತಿತ್ತು. ಒಣಗಿ ಬಿರುಕುಬಿಟ್ಟ ಜಾಗಕ್ಕೆ ನೇಗಿಲು ತಾಗಿದಾಗ ಹೀಗೇ ನೋಯುತ್ತದೇನೋ… ಕೆನ್ನೆ ಮುಟ್ಟಿಕೊಂಡಳು. ಒದ್ದೆ! ಎಷ್ಟು ವರ್ಷವಾಯಿತು!

ಅವಳು ಹುಣಿಯವರೆಗೆ ನಡೆದು ಬಂದಳು.

"ಅವರು ಆಳಲ್ಲ ಗೌಡ್ರೇ" ಎಂದಳು. "ನೀವು ಕೂಡಾವಳಿಯ ಮಾತುಂಟಾ ಕೇಳಿದಿರಿ. ಉಂಟು. ಇದೇ ಅಂಗಳದಲ್ಲಿ ಆಗಬೇಕು. ನಾನು ಅವರ ಮನೆಗೆ ಹೋಗುದಲ್ಲ. ಅವರು ಇಲ್ಲಿಗೆ ಬರುದು."

ನೇಗಿಲು ನಿಂತಿತು.

"ಆಗುದಿಲ್ಲ!" ಎಂದ ಅಚ್ಚುತ. "ಕಟ್ಟಲೆ ಉಂಟು! ಕೂಡಾವಳಿ ಆದವಳಿಗೆ ಗದ್ದೆ ಇಲ್ಲ!"

ಊರುಗೌಡರು ಗಡ್ಡ ಕೆರೆದುಕೊಂಡರು. ಕೆಸರಿನಲ್ಲಿ ಎದ್ದ ನೇರ ಗೆರೆಯನ್ನು ನೋಡಿದರು. ಅಚ್ಚುತನ ಮೃದುವಾದ ಅಂಗೈಯನ್ನೂ ನೋಡಿದರು.

"ಮನೆ ಬಿಟ್ಟು ಹೋಗುವವಳಿಗೆ ಆ ಕಟ್ಟಲೆ, ಅಚ್ಚುತ. ಇವಳು ಬಿಟ್ಟು ಹೋಗ್ತಾ ಇಲ್ಲವಲ್ಲ. ಗಂಡು ಬಂದು ಸೇರಿದರೆ ಎಂತ ಅಂತ ನಮ್ಮ ಹಿರಿಯರು ಹೇಳಿದ್ದನ್ನು ನಾನು ಕೇಳಿಲ್ಲ." ಅವರು ಹೆಗಲ ಬೈರಾಸು ಕೊಡವಿದರು. "ಉತ್ತವರಿಗೆ ಗೇಣಿ ಅಂತ ದಣಿಗಳೇ ಹೇಳಿದ್ದಲ್ವಾ? ಉಳ್ತಾ ಉಂಟು. ನಾನೇ ಹೇಳ್ತೇನೆ ಅವರಿಗೆ. ನಡಿ."

ಅಚ್ಚುತ ಹೋದ. ಹೋಗುವಾಗ ಉಗುಳಿ ಹೋದ. ಅವನು ಇನ್ನು ಮುಂದೆಯೂ ಉಗುಳುವವನೇ. ನೆರೆಯವರು ಮಾತಾಡಿಕೊಳ್ಳುತ್ತಾ ಚದುರಿದರು. ನಾಳೆಗೆ ಈ ಮಾತು ಪುತ್ತೂರಿನ ಪೇಟೆಯಲ್ಲಿ ಇರುತ್ತದೆ. ಎರಡೂ ಊರಿನವರ ಬಾಯಿಗೆ ವರ್ಷವಿಡೀ ಸಾಕು. ಅವಳಿಗೆ ಗೊತ್ತಿತ್ತು.

ಬಿಸಿಲು ಇಳಿಯುತ್ತಿತ್ತು. ತೀರ್ಥರಾಮ ಗದ್ದೆಯ ನಡುವೆ, ಮೊಣಕಾಲವರೆಗೆ ಕೆಸರಾಗಿ ನಿಂತಿದ್ದ. ಹತ್ತಿರ ಬರಬೇಕೋ ಬೇಡವೋ ಎಂದು ತಿಳಿಯದವನಂತೆ.

ಅವಳೇ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಗದ್ದೆಗೆ ಇಳಿದಳು.

"ನನ್ನ ಕೋಪ ಇನ್ನೂ ಹೋಗಿಲ್ಲ" ಎಂದಳು.

"ಗೊತ್ತುಂಟು."

"ಬೇಗ ಹೋಗುದೂ ಇಲ್ಲ."

"ಅದೂ ಗೊತ್ತುಂಟು."

ಅವಳು ಅವನ ಮುಖ ನೋಡಿದಳು. ಕಣ್ಣು ಮತ್ತೆ ತುಂಬಿತು. ಒರೆಸಿಕೊಳ್ಳಲಿಲ್ಲ.

"ಅದು ಹೋಗುವವರೆಗೆ ಇರ್ತೀರಾ?"

"ಹೋದ ಮೇಲೂ ಇರ್ತೇನೆ" ಎಂದ ತೀರ್ಥರಾಮ.